ಬಳೆ ಹರಾಜಾಯ್ತು ಅಂತ ತಮ್ಮನಿಗೆ ಹೇಳಿ

ಉಡುಪಿ ಕಡೆಯ ಒಬ್ಬ ಅಕ್ಕ ಬರೆದಿದ್ದಾರೆ. ಪತ್ರ ಓದಿದ ಮೇಲೆ ಆ ದಿನ ಬೇರೆ ಕೆಲಸಕ್ಕೆ ನನ್ನ ಕೈ ಹೋಗಲಿಲ್ಲ.

ವಿಷಯ ಇಷ್ಟು. ತಮ್ಮ ಕುವೈತಿಗೆ ಹೋಗುವಾಗ ಇವರು ಮದುವೆಯ ನಾಲ್ಕು ಬಳೆ ಅಡವಿಟ್ಟು ದುಡ್ಡು ಹೊಂದಿಸಿಕೊಟ್ಟರು. ಅವನಿಗೆ ಅಲ್ಲಿ ಒಳ್ಳೆಯದಾಯ್ತು. ಮಂಗಳೂರಿನಲ್ಲಿ ಮನೆಯೂ ಎದ್ದಿತು. ಬಳೆ ಮಾತ್ರ ಹರಾಜಾಗಿ ಹೋಯಿತು. ಗೃಹಪ್ರವೇಶದ ದಿನ ಮೈಕ್ ಹಿಡಿದು ಗಾರೆಯವನ ತನಕ ಎಲ್ಲರ ಹೆಸರು ಹೇಳಿದ ತಮ್ಮ, ಅಕ್ಕನ ಹೆಸರು ಎತ್ತಲಿಲ್ಲ. ಈಸ್ಟರಿಗೆ ಮೊದಲು ಇವರು ಪಾಪನಿವೇದನೆ ಮಾಡಿ, ತಮ್ಮನನ್ನು ಕ್ಷಮಿಸಿದ್ದೇನೆ ಅಂತ ದೇವರ ಮುಂದೆ ಹೇಳಿದರು. ಆದರೂ ಕುಚ್ಚಲಕ್ಕಿ ತೊಳೆಯುವಾಗ, ಬಸ್ಸಿನಲ್ಲಿ, ಪೂಜೆಯ ಮಧ್ಯೆ ಕೂಡ ಮನಸ್ಸಿನೊಳಗೆ ತಮ್ಮನ ಜತೆ ಜಗಳ ನಡೆಯುತ್ತಲೇ ಇರುತ್ತದೆ. ರಾತ್ರಿ ಮೂರಕ್ಕೆ ಎಚ್ಚರ. "ನನ್ನ ಕ್ಷಮೆ ಸುಳ್ಳು, ನನ್ನ ಮನಸ್ಸೇ ಹೊಲಸು" ಅಂತ ಬರೆದಿದ್ದಾರೆ.

ಅಕ್ಕಾ, ನಿಮ್ಮ ಮನಸ್ಸು ಹೊಲಸಲ್ಲ. ಅಮೆರಿಕದಲ್ಲಿ ಎವರೆಟ್ ವರ್ದಿಂಗ್‌ಟನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರಿದ್ದಾರೆ. ಕ್ರೈಸ್ತರು. ಕ್ಷಮೆಯ ಬಗ್ಗೆಯೇ ಅಧ್ಯಯನ ಮಾಡುತ್ತಿದ್ದವರು. 1996ರ ಹೊಸ ವರ್ಷದ ಹೊತ್ತಿಗೆ ಅವರ ತಾಯಿಯನ್ನು ಮನೆಗೆ ನುಗ್ಗಿದ ಕಳ್ಳ ಕೊಂದ. ಕ್ಷಮಿಸಬೇಕು ಅಂತ ತೀರ್ಮಾನ ಮಾಡುವುದು ಬೇರೆ, ಒಳಗಿನ ಸಿಟ್ಟು ಇಳಿಯುವುದು ಬೇರೆ ಎನ್ನುತ್ತಾರೆ ಅವರು. ತೀರ್ಮಾನ ಒಂದು ದಿನದಲ್ಲಿ ಆಗಬಹುದು. ಸಿಟ್ಟು ತನ್ನ ಸಮಯ ತೆಗೆದುಕೊಳ್ಳುತ್ತದೆ. ನೀವು ಮೊದಲನೆಯದನ್ನು ನಿಜವಾಗಿಯೇ ಮಾಡಿದ್ದೀರಿ.

ಆ ಯೋಚನೆ ಬಂದ ಕೂಡಲೇ ಜಪಮಾಲೆ ಹಿಡಿದು ಓಡಿಸುತ್ತೇನೆ ಅಂದಿದ್ದೀರಿ. ಜಪ ಬಿಡಬೇಡಿ, ಓಡಿಸುವುದನ್ನು ಬಿಡಿ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜತೆಗಾರರು ಕಾಲೇಜು ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ನೆನೆಸಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ನೆನೆಸಬಹುದು ಅಂದಾಗಲಂತೂ ಕರಡಿ ಇನ್ನೂ ಜಾಸ್ತಿ ಬಂತು. ತಡೆದಷ್ಟೂ ಬರುವುದು ಮನಸ್ಸಿನ ಗುಣ, ಅದು ಪಾಪವಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ. ಮೂರನೇ ಪುಟದ ಕೊನೆಯಲ್ಲಿ, ಹೇಗೂ ಹೇಳಿಬಿಡೋಣ ಅನ್ನುವ ಹಾಗೆ ಒಂದು ಸಾಲು ಬರೆದಿದ್ದೀರಿ: "ಬಳೆ ಬಿಡಿಸಿಕೊಂಡಾಗಿದೆ ಅಂತ ದೊಡ್ಡಮ್ಮ ತಮ್ಮನಿಗೆ ಹೇಳಿದ್ದಾರೆ, ಸುಮ್ನೆ ಗಲಾಟೆ ಬೇಡ ಅಂತ."

ಅಂದರೆ ಹರಾಜಾದದ್ದು ತಮ್ಮನಿಗೆ ಗೊತ್ತೇ ಇಲ್ಲ! ಏನು ತಪ್ಪಾಗಿದೆ ಅಂತಲೇ ತಿಳಿಯದವನನ್ನು ನೀವು ದಿನಾ ಕ್ಷಮಿಸುತ್ತಿದ್ದೀರಿ. ಮತ್ತೆ ಜಗಳ ಮನಸ್ಸಿನೊಳಗೆ ಅಲ್ಲದೆ ಇನ್ನೆಲ್ಲಿ ನಡೆಯಬೇಕು? ತಮ್ಮನದೂ ತಪ್ಪಿದೆ. ಇಷ್ಟು ವರ್ಷದಲ್ಲಿ ಒಂದು ಸಲ ಅಕ್ಕನ ಕೈ ನೋಡಬಾರದಿತ್ತಾ? ಆದರೆ ದೊಡ್ಡಮ್ಮನನ್ನು ನಾನು ಸುಲಭಕ್ಕೆ ಬಿಡುವುದಿಲ್ಲ. ನಷ್ಟ ನಿಮ್ಮದು, ಸುಳ್ಳು ಅವರದು, "ಕ್ಷಮಿಸಿದ ಮೇಲೆ ಮತ್ತೆಂಥ ಮಾತು" ಅಂತ ಉಪದೇಶವೂ ಅವರದೇ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ: ಮನೆಯ ಶಾಂತಿಗೆ ಅಂತ ಹೇಳುವ ಸುಳ್ಳಿನ ಬಡ್ಡಿಯನ್ನು ಯಾವಾಗಲೂ ಹೆಣ್ಣುಮಕ್ಕಳೇ ಕಟ್ಟುವುದು.

ಏಳೆಪ್ಪತ್ತು ಸಲ ಕ್ಷಮಿಸು ಅನ್ನುವ ಯೇಸುವಿನ ಮಾತನ್ನು ದೊಡ್ಡಮ್ಮ ನಿಮಗೆ ನೆನಪಿಸಿದರಂತೆ. ಅದು ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ, 15ನೇ ವಾಕ್ಯ ಓದಿ. ಸಹೋದರ ನಿನಗೆ ತಪ್ಪು ಮಾಡಿದರೆ ಹೋಗು, ನೀವಿಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತಿಳಿಸು ಅಂತ ಇದೆ. ಪೇತ್ರ ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳುವುದು ಇದಾದ ಮೇಲೆ. ಒಳ್ಳೆಯದನ್ನೇ ಯೋಚಿಸಿ ಅಂತ ನಿಮ್ಮ ಚರ್ಚಿನ ವಾರ್ಡಿನ ಪ್ರಾರ್ಥನೆಯಲ್ಲಿ ಹೇಳಿದರಲ್ವಾ? ಸಂತ ಪೌಲ ಸೆರೆಯಲ್ಲಿದ್ದು ಫಿಲಿಪ್ಪಿಯರಿಗೆ ಬರೆದ ಪತ್ರದಲ್ಲಿ ಆ ಮಾತಿದೆ, 4ನೇ ಅಧ್ಯಾಯದ 8ನೇ ವಾಕ್ಯ. ಏನೇನನ್ನು ಧ್ಯಾನಿಸಬೇಕು ಅಂತ ಹೇಳುವಾಗ ಪೌಲ ಮೊದಲು ಇಡುವುದೇ ಸತ್ಯವಾದದ್ದನ್ನು.

ಕಳೆದ ವರ್ಷ ಮೊಂತಿ ಹಬ್ಬದಲ್ಲಿ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬದ ಹೊಸ ತೆನೆಯ ಹಬ್ಬದಲ್ಲಿ, ತಮ್ಮನ ಕೈಯಿಂದ ಹೊಸ ಅಕ್ಕಿಯ ಪಾಯಸ ಇಸಿದುಕೊಂಡಾಗ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದಿದ್ದೀರಿ. ಈ ಸಲ ಸೆಪ್ಟೆಂಬರ್ 8 ಬರುವ ಮೊದಲೇ ಕೆಲಸ ಮುಗಿಸಿ. ಹಬ್ಬದ ದಿನ ಬೇಡ, ಮನೆಯವರ ವಾಟ್ಸಾಪ್ ಗ್ರೂಪಿನಲ್ಲಂತೂ ಖಂಡಿತ ಬೇಡ. ಅವನೊಬ್ಬನೇ ಇರುವ ಹೊತ್ತು ನೋಡಿ ಫೋನ್ ಮಾಡಿ. "ಬಳೆ ಬಿಡಿಸಲಿಕ್ಕೆ ಆಗಲಿಲ್ಲ, ಹರಾಜಾಯ್ತು. ನನಗೆ ತುಂಬ ನೋವಾಗಿದೆ. ನಿನ್ನ ಮೇಲೆ ಹಗೆ ಇಲ್ಲ, ನಿನಗೆ ಗೊತ್ತಿರಲಿ ಅಂತ ಹೇಳಿದೆ." ಇಷ್ಟೇ ಸಾಕು.

ಅವನು ಸಿಟ್ಟು ಮಾಡಿಕೊಂಡರೂ ನಿಮ್ಮ ಕ್ಷಮೆ ಸುಳ್ಳಾಗುವುದಿಲ್ಲ. ನಿದ್ದೆ ಆಮೇಲೂ ಸರಿಯಾಗದಿದ್ದರೆ ಡಾಕ್ಟರನ್ನು ಕಾಣಿ, ಅದರಿಂದ ವಿಶ್ವಾಸಕ್ಕೆ ಕುಂದಿಲ್ಲ. ದುಡ್ಡು ಕೊಡುತ್ತೇನೆ ಅಂದರೆ "ಛೆ, ಬೇಡ" ಅನ್ನಬೇಡಿ, ತೆಗೆದುಕೊಳ್ಳಿ. ದೊಡ್ಡಮ್ಮನ ಹತ್ತಿರ ತಮ್ಮನೇ ಮಾತಾಡಲಿ.