ನಗರಾಡಳಿತವು ಬೀದಿಗಳ ಸಂಚಾರ ಮತ್ತು ಸುರಕ್ಷತೆಯನ್ನು ಹೇಗೆ ನೋಡಿಕೊಳ್ಳುತ್ತದೆ?

ಮುಖ್ಯವಾಗಿ ರಸ್ತೆಯ ವಿನ್ಯಾಸದ ಮೂಲಕ. ನಿಯಮ ಮೀರಿದವರಿಗೆ ದಂಡ ಹಾಕುವುದು ಸಾಮಾನ್ಯವಾಗಿ ಪೊಲೀಸರ ಕೆಲಸ. ಸಂಚಾರ ಎಂಜಿನಿಯರ್‌ಗಳು ಅಪಘಾತದ ದಾಖಲೆ, ವಾಹನಗಳ ಎಣಿಕೆ ಮತ್ತು ನಿವಾಸಿಗಳ ದೂರುಗಳನ್ನು ಒಟ್ಟಿಗೆ ಇಟ್ಟು ನೋಡಿ, ಅಪಘಾತಗಳು ಮರುಕಳಿಸುವ ಜಾಗಗಳನ್ನು ಗುರುತಿಸಿ ಬದಲಾವಣೆ ಸೂಚಿಸುತ್ತಾರೆ. ಅದಕ್ಕೆ ಹಣ ಮಂಜೂರು ಮಾಡುವುದು ಚುನಾಯಿತ ಸಭೆ.

ವಿನ್ಯಾಸಕ್ಕೆ ಇಷ್ಟು ಮಹತ್ವ ಏಕೆಂದರೆ, ಬಹುಪಾಲು ಚಾಲಕರು ಫಲಕದಲ್ಲಿ ಬರೆದ ಮಿತಿಗಿಂತ ಹೆಚ್ಚಾಗಿ ರಸ್ತೆ ಕಣ್ಣಿಗೆ ಕಾಣುವ ರೀತಿಗೆ ತಕ್ಕಂತೆ ವೇಗ ಇಟ್ಟುಕೊಳ್ಳುತ್ತಾರೆ. ಅಗಲವಾದ ನೇರ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಎಂಬ ಫಲಕ ನೆಟ್ಟರೂ ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ. ಡಿಕ್ಕಿಯ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 30ರ ಬದಲು 50ರಲ್ಲಿ ಬಂದ ಅದೇ ಕಾರಿನ ಹೊಡೆತದಲ್ಲಿ ಸುಮಾರು 2.8 ಪಟ್ಟು ಶಕ್ತಿ ಇರುತ್ತದೆ. ಆದ್ದರಿಂದಲೇ ಅಡ್ಡರಸ್ತೆಯ ಮೂಲೆಯಲ್ಲಿ ಪಾದಚಾರಿ ಮಾರ್ಗವನ್ನು ಒಂದಿಷ್ಟು ಮುಂದಕ್ಕೆ ಚಾಚುತ್ತಾರೆ: ದಾಟಬೇಕಾದ ದೂರ ಕಡಿಮೆಯಾಗುತ್ತದೆ, ತಿರುಗುವ ವಾಹನ ನಿಧಾನಿಸಲೇಬೇಕಾಗುತ್ತದೆ, ನಿಲ್ಲಿಸಿದ ಕಾರುಗಳ ಮರೆಯಲ್ಲಿದ್ದ ಮಗು ಚಾಲಕರ ಕಣ್ಣಿಗೆ ಬೀಳುತ್ತದೆ.

ಯಾರಾದರೂ ಸತ್ತ ಮೇಲಷ್ಟೇ ಇಂಥ ಕೆಲಸಕ್ಕೆ ಕೈಹಾಕುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳ ದೂರನ್ನೂ ದಾಖಲಿಸಿಕೊಳ್ಳುವ ಆಡಳಿತಕ್ಕೆ ಅಪಾಯದ ಮೂಲೆ ಮೊದಲೇ ತಿಳಿಯುತ್ತದೆ.