ಊದಿದ ಮೇಲೆ ಬರುವ ಚೀಟಿ

ಓದುಗರ ಪತ್ರ: ನನ್ನ ಭಾಮೈದನನ್ನು ಬೆಂಗಳೂರಿನಲ್ಲಿ ರಾತ್ರಿ ಪೊಲೀಸರು ತಡೆದು, ಕುಡಿದು ಗಾಡಿ ಓಡಿಸುತ್ತಿದ್ದಾನಾ ಎಂದು ನೋಡಲು ಮಷಿನ್‌ಗೆ ಊದಿಸಿದರು. 48 ತೋರಿಸಿತಂತೆ. ಕೆಮ್ಮಿನ ಸಿರಪ್ ಕುಡಿದಿದ್ದೆ ಅನ್ನುತ್ತಾನೆ. ‘ಮಷಿನ್ ಲೆಕ್ಕ ಕೋರ್ಟಿನಲ್ಲಿ ನಿಲ್ಲಲ್ಲ, ಊದದೇ ಇದ್ದಿದ್ದರೆ ಕೇಸೇ ಆಗುತ್ತಿರಲಿಲ್ಲ’ ಅಂತ ಅವನ ಗೆಳೆಯರು ಹೇಳುತ್ತಿದ್ದಾರೆ. ನಿಜವೇ?
– ಓದುಗರು, ಹಾಸನ

ಸಂಪಾದಕರ ಉತ್ತರ:

ಗೆಳೆಯರ ಎರಡನೇ ಮಾತನ್ನು ಮೊದಲು ಮರೆತುಬಿಡಿ. ಊದಲ್ಲ ಅಂದವನ ಮೇಲೆ ಅನುಮಾನಕ್ಕೆ ಕಾರಣವಿದ್ದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಠಾಣೆಯಲ್ಲಿ ವೈದ್ಯರಿಂದ ರಕ್ತ ತೆಗೆಸಬಹುದು. ಸರಿಯಾದ ಕಾರಣವಿಲ್ಲದೆ ನಿರಾಕರಿಸಿದ್ದೇ ಅವರ ಸಾಕ್ಷ್ಯಕ್ಕೆ ಬಲ ಕೊಡುತ್ತದೆ. ಮೋಟಾರು ವಾಹನ ಕಾಯ್ದೆಯ 205ನೇ ಕಲಂ ಇರುವುದೇ ಇದಕ್ಕೆ.

ಇನ್ನು ಮಷಿನ್ ಲೆಕ್ಕ. ಅದೇ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ ಮೀರಿದರೆ ಸಾಕು, ಗಾಡಿ ಓಡಿಸುವುದು ಅಪರಾಧ. ‘ನಾನು ಸ್ಟಡಿಯಾಗೇ ಇದ್ದೆ ಸಾರ್’ ಅನ್ನುವ ವಾದ ಅಲ್ಲಿ ನಡೆಯಲ್ಲ. ಹಾಗೆಯೇ ಅಳತೆಯೇ ಇಲ್ಲದೆ ಬರೀ ವಾಸನೆ, ತೊದಲು ಮಾತು, ತೂರಾಟ ಇಷ್ಟನ್ನೇ ಹಿಡಿದು ಕುಡಿದಿದ್ದ ಅನ್ನಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಅದು ಮುಂಬೈ ಪಾನನಿಷೇಧ ಕಾಯ್ದೆಯ ಕೇಸು. ಆದರೂ ವಕೀಲರು ಇವತ್ತಿಗೂ ಅದನ್ನು ಎತ್ತುತ್ತಾರೆ.

ಆ ಮಷಿನ್ ರಕ್ತ ನೋಡುವುದಿಲ್ಲ, ಉಸಿರು ನೋಡುತ್ತದೆ. ಉಸಿರಿನಲ್ಲಿ ಸಿಕ್ಕಿದ್ದನ್ನು ಸಾಮಾನ್ಯವಾಗಿ 2,100ರಿಂದ ಗುಣಿಸಿ ರಕ್ತದ ಅಂದಾಜು ಕೊಡುತ್ತದೆ. ಬಾಯಲ್ಲೇ ಉಳಿದ ಆಲ್ಕೋಹಾಲ್, ಅಂದರೆ ಮೌತ್‌ವಾಶ್ ಅಥವಾ ಕೆಲವು ಸಿರಪ್‌ಗಳದ್ದು, ಲೆಕ್ಕವನ್ನು ಸುಮ್ನೆ ಏರಿಸಬಲ್ಲದು. ಆದರೆ ಅದು ಕಾಲು ಗಂಟೆಯಲ್ಲಿ ಹೋಗಿಬಿಡುತ್ತದೆ. ನಿಮ್ಮ ಭಾಮೈದ ಸಿರಪ್ ಕುಡಿದದ್ದು ಗಾಡಿ ನಿಲ್ಲಿಸುವ ಐದು ನಿಮಿಷ ಮೊದಲೋ, ಮನೆಯಲ್ಲಿ ಊಟ ಆದ ಮೇಲೋ? ಎರಡನೆಯದಾದರೆ ಆ ಸಬೂಬು ಅಲ್ಲಿಗೇ ಮುಗಿಯಿತು, ಅಲ್ವಾ? ಕಾಲು ಗಂಟೆ ಕಾಯಿಸಿ ಇನ್ನೊಮ್ಮೆ ಊದಿಸಿ ಎಂದು ಆಗಲೇ ಕೇಳಬೇಕಿತ್ತು.

ಈಗ ಕೈಯಲ್ಲಿರುವುದು ಚೀಟಿ. ಅದನ್ನು ನಿಧಾನವಾಗಿ ಓದಿ. ಮಷಿನ್ ನಂಬರ್ ಇದೆಯೇ? ಸಮಯ ಸರಿಯಾಗಿದೆಯೇ? ಊದುವ ಮೊದಲು ಖಾಲಿ ಗಾಳಿಯ ಅಳತೆ ಸೊನ್ನೆ ಬಂದಿದೆಯೇ? ಸೊನ್ನೆ ಬರದೇ ಊದಿಸಿದ್ದರೆ ಹಿಂದಿನವನ ಉಸಿರೂ ಇವನ ಲೆಕ್ಕಕ್ಕೆ ಸೇರಿರಬಹುದು. ಕೇರಳ ಹೈಕೋರ್ಟ್ ಒಬ್ಬರ ಮೇಲಿನ 185ರ ಕೇಸನ್ನು ಇದೇ ಕಾರಣಕ್ಕೆ ರದ್ದು ಮಾಡಿದೆ. ಮಷಿನ್ನನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದ್ದರು ಅನ್ನುವ ದಾಖಲೆಯನ್ನೂ ವಕೀಲರು ಕೇಳಬಹುದು. ‘ಮಷಿನ್ ಸುಳ್ಳು’ ಎಂದು ಕೂಗುವುದಕ್ಕಿಂತ ಇದು ಎಷ್ಟೋ ಮೇಲು.

ರಕ್ತ ಪರೀಕ್ಷೆ ಹೆಚ್ಚು ಗಟ್ಟಿ, ಆದರೆ ಅದಕ್ಕೂ ಕಂಟಕಗಳಿವೆ. ಸ್ಪಿರಿಟ್ ಹತ್ತಿಯಿಂದ ಕೈ ಒರೆಸಿ ಸೂಜಿ ಚುಚ್ಚಬಾರದು. ಬಾಟಲಿಗೆ ರಕ್ತ ಕೆಡದಂತೆ ಕಾಯುವ ಸೋಡಿಯಂ ಫ್ಲೋರೈಡ್ ಹಾಕಿರಬೇಕು, ಇಲ್ಲವಾದರೆ ರಕ್ತ ಒಳಗೇ ಹುಳಿತು ಆಲ್ಕೋಹಾಲ್ ಹುಟ್ಟಬಹುದು. ಸೀಲ್ ಯಾರು ಹಾಕಿದರು, ಲ್ಯಾಬಿಗೆ ಯಾರು ಒಯ್ದರು? 2024ರಲ್ಲಿ ಪುಣೆಯಲ್ಲಿ ಪೋರ್ಷೆ ಕಾರು ಗುದ್ದಿ ಇಬ್ಬರು ಸತ್ತ ಕೇಸಿನಲ್ಲಿ ಆಸ್ಪತ್ರೆಯಲ್ಲೇ ರಕ್ತದ ಮಾದರಿ ಬದಲಾಯಿಸಿದರೆಂದು ವೈದ್ಯರನ್ನೇ ಬಂಧಿಸಿದರು. ಹೊತ್ತೂ ಮುಖ್ಯ. 100 ಮಿ.ಲೀ. ರಕ್ತದಲ್ಲಿನ ಆಲ್ಕೋಹಾಲ್ ಗಂಟೆಗೆ ಸುಮಾರು 15 ಮಿ.ಗ್ರಾಂ ಇಳಿಯುತ್ತದೆ. ಬಂಧಿಸಿದರೆ ಎರಡು ಗಂಟೆಯೊಳಗೆ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು ಎಂದು 202ನೇ ಕಲಂ ಹೇಳುತ್ತದೆ. ಹಾಗಂತ ತಡವಾದ ವರದಿಯೆಲ್ಲ ಬಿದ್ದುಹೋಗಲ್ಲ. 1999ರಲ್ಲಿ ದೆಹಲಿಯಲ್ಲಿ ಬಿಎಂಡಬ್ಲ್ಯು ಕಾರು ಜನರ ಮೇಲೆ ಹರಿದ ಕೇಸಿನಲ್ಲಿ ಸ್ಥಳದಲ್ಲಿ ಯಾರೂ ಊದಿಸಿರಲಿಲ್ಲ, ಆಮೇಲೆ ತೆಗೆದ ರಕ್ತದ ವರದಿಯನ್ನು ಸುಪ್ರೀಂ ಕೋರ್ಟ್ ಒಪ್ಪಿತು.

ವಿಮೆಯ ಲೆಕ್ಕ ಬೇರೆಯೇ. ಪರೀಕ್ಷೆಯೇ ಆಗದಿದ್ದರೂ ಸುತ್ತಲಿನ ಸಂಗತಿಗಳಿಂದ ಕುಡಿದಿದ್ದನ್ನು ತೋರಿಸಿ ಕಂಪನಿ ಕ್ಲೇಮ್ ತಳ್ಳಿಹಾಕಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜಾಸ್ತಿ ಜನ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬರುತ್ತಾರೆ. ಆದರೆ ಒಪ್ಪಿಕೊಂಡದ್ದು ದಾಖಲಾಗಿರುತ್ತದೆ. ಮತ್ತೆ ಸಿಕ್ಕಿಬಿದ್ದರೆ 15,000, ಜೈಲು ಎರಡು ವರ್ಷದವರೆಗೆ. ಹಾಗಾಗಿ ಕೋರ್ಟಿಗೆ ಹೋಗುವ ಮೊದಲು ಚೀಟಿಯನ್ನು ವಕೀಲರಿಗೆ ತೋರಿಸಲು ಹೇಳಿ. ಸಿರಪ್ ಬಾಟಲಿ ನಿಜವಾಗಿ ಇದ್ದರೆ ಅದನ್ನೂ, ಔಷಧಿ ಅಂಗಡಿಯ ಬಿಲ್ಲನ್ನೂ ಜೊತೆಗೆ ಒಯ್ಯಲಿ.