ಚಾವಣಿಯ ಕೊಳವೆಗೆ 80 ಡಿಗ್ರಿ ಬೇಡ

ಕುವೆಂಪುನಗರದಲ್ಲಿ ಕುಳಿತು ಅಮೆರಿಕದ ಮಗಳ ಮನೆಯ ಚಿಂತೆ ಮಾಡುತ್ತಿದ್ದೀರಿ: ಚಾವಣಿಯ ಗಾರೆಯೊಳಗೆ ಬಿಸಿನೀರು ಹರಿದು ಮನೆಯನ್ನು ಬೆಚ್ಚಗಿಡುವ ಹಳೆಯ ತಾಮ್ರದ ಕೊಳವೆ, ಆ ನೀರು ಕಾಯಿಸುವ ಹೊಸ ಬಾಯ್ಲರನ್ನು 80 ಡಿಗ್ರಿ ಸೆಲ್ಸಿಯಸ್‌ಗೆ ಇಡಬಹುದೇ ಎಂದು. ಖಂಡಿತ ಬೇಡ ಸರ್, ಅದು ಬಿಸಿನೀರು ಹರಿಯುವ ಲೋಹದ ಫಲಕಗಳಾದ ರೇಡಿಯೇಟರ್‌ಗಳ ಲೆಕ್ಕ. ಜಿಪ್ಸಮ್ ಗಾರೆ ಸುಮಾರು 52 ಡಿಗ್ರಿ ಮೀರಿದ ಬಿಸಿಯನ್ನು ಬಹುಕಾಲ ತಾಳದು. ಮೊದಲು ಕೊಳವೆಯುದ್ದಕ್ಕೂ ಕೂದಲೆಳೆಯಂಥ ಬಿರುಕು, ಆಮೇಲೆ ಹಕ್ಕಳೆ. 45ರಿಂದ ಶುರು ಮಾಡಿಸಿ, ಹೊರಗಿನ ಚಳಿ ನೋಡಿ ನೀರಿನ ಬಿಸಿ ಬದಲಿಸುವ ಸೆನ್ಸರ್ ಹಾಕಿಸಿ. ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯ ತೇವವನ್ನು ತಣಿಸಿ ಅದರ ಬಿಸಿಯನ್ನೂ ಬಳಸುವಂಥದ್ದು) ಆದರೆ ಈ ಕಡಿಮೆ ಬಿಸಿಯೇ ಅದಕ್ಕೆ ಹಬ್ಬ. ಸಾಮಾನ್ಯ ಬಾಯ್ಲರ್ ಆದರೆ ಬಿಸಿನೀರಿಗೆ ಮರಳಿದ ನೀರನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ವಾಲ್ವ್ ಬೇಕೇ ಬೇಕು: ಮರಳುವ ನೀರು ಸುಮಾರು 55ಕ್ಕಿಂತ ತಣ್ಣಗಿದ್ದರೆ ಹೊಗೆಯ ತೇವ ಒಳಗೇ ಇಳಿದು ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಬಚ್ಚಲ ಹಂಡೆಗೆ ಈ ರಗಳೆಯೇ ಇಲ್ಲ, ಬಿಡಿ! ಚಾವಣಿಗೆ ಏನನ್ನಾದರೂ ಕೊರೆಯುವ ಮೊದಲು ಬಿಸಿಯ ಜಾಗ ತೋರಿಸುವ ಥರ್ಮಲ್ ಕ್ಯಾಮೆರಾದಲ್ಲಿ ಕೊಳವೆಯ ಜಾಡು ನೋಡಿಕೊಳ್ಳಲು ಮಗಳಿಗೆ ಹೇಳಿ.